ಹಿಟ್ಟು ಬೀಸುವಷ್ಟು ಹೊತ್ತು

ಶಮೀಮಕ್ಕ ಆರು ವರ್ಷದ ಮೇಲೆ ನನ್ನ ಅಚ್ಚುಕೂಟದ ಮೆಟ್ಟಿಲು ಹತ್ತಿದ್ದು ಹೋದ ವಾರ. ದಾವಣಗೆರೆಯ ಹಳೇಪೇಟೆಯಲ್ಲಿ ನನ್ನ ಪ್ರೆಸ್ಸಿರುವ ಓಣಿಯ ಹಿಂದಿನ ಓಣಿಯಲ್ಲೇ ಅವಳ ಹಿಟ್ಟಿನ ಗಿರಣಿ. ಇಷ್ಟು ಹತ್ತಿರವಿದ್ದೂ ಆರು ವರ್ಷದಿಂದ ನನ್ನ ಕಂಡರೆ ಮುಖ ತಿರುಗಿಸಿ ಹೋಗುತ್ತಿದ್ದವಳು, ಅವತ್ತು ಸೀದಾ ಒಳಗೆ ಬಂದು ಮೇಜಿನ ಮೇಲೆ ಒಂದು ಗುರುತಿನ ಚೀಟಿಯ ಜೆರಾಕ್ಸ್ ಇಟ್ಟಳು. ಅದರಲ್ಲಿ ಅಂಚೆ ಚೀಟಿಯಷ್ಟಗಲದ ಒಂದು ಮುಖ, ಅರ್ಧ ಮಸಿ ಬಳಿದಂತೆ ಕಪ್ಪಾಗಿತ್ತು.

“ಅಕ್ಕೋರು ಹೋದ್ರು. ಮೊನ್ನೆ ಹರಿಹರದಾಗೆ ಮಣ್ಣು ಮಾಡಿದ್ರು. ಬಾಳ ಮಂದಿ ಇರಲಿಲ್ಲ” ಎಂದಳು.

ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

“ಇದರಾಗಿನ ಫೋಟೋ ದೊಡ್ಡದು ಮಾಡಿ, ಕೆಳಗೆ ನಾಲ್ಕು ಸಾಲು ಬರೆದು ಒಂದು ಚೀಟಿ ಹಾಕಿಕೊಡ್ರಿ. ಗಿರಣಿಗೆ ಬರೋ ಹೆಣ್ಮಕ್ಕಳಿಗೆ ಗೊತ್ತಾಗ್ಲಿ. ಪ್ರೆಸ್ಸು ಊರಾಗೆ ಬೇಕಾದಷ್ಟು ಅದಾವೆ. ಅವರ ಮೊದಲ್ನೇ ಚೀಟಿ ನೀವು ಹಾಕಿದ್ರಿ ಅಂತ ಬಂದೀನಿ. ಕಡೇದೂ ನೀವೇ ಹಾಕ್ರಿ.”

ನಾಲ್ಕು ಸಾಲಿಗೆಂದು ಕೂತವನು ಈಗ ಇಷ್ಟುದ್ದ ಬರೆಯುತ್ತಿದ್ದೇನೆ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ. ಆರು ವರ್ಷದ ಹಿಂದೆ ನನ್ನ ತಂಗಿ ಗಂಡನ ಮನೆಯಲ್ಲಿ ಸತ್ತಳು. ಅವಳನ್ನು ಆ ಮನೆಗೆ ತಿರುಗಿ ಕಳಿಸಿದವರು ಅಕ್ಕೋರು ಎಂದು ಊರಿಗೆಲ್ಲ ಕೇಳುವಂತೆ ಕೂಗಿದವನು ನಾನು. ಊರು ನಂಬಿತು. ನಿಜ ಏನೆಂದು ಗೊತ್ತಿದ್ದವರು ಇಬ್ಬರೇ, ಅವರು ಮತ್ತು ನಾನು. ಅವರು ಯಾರಿಗೂ ಹೇಳದೆ ಹೋದರು.

ಅವರ ಹೆಸರು ಬರೆಯುವುದಿಲ್ಲ. ತಮ್ಮ ಬಳಿ ಬಂದವರ ಹೆಸರನ್ನು ಅವರು ಎಲ್ಲೂ ಬರೆದಿಟ್ಟವರಲ್ಲ. ಓಣಿಯಲ್ಲಿ ಎಲ್ಲರಿಗೂ ಅವರು ಅಕ್ಕೋರು. ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಹಾಗೆನ್ನುತ್ತೇವೆ. ಅವರು ಸಾಲಿ ಕಲಿಸಿದವರಲ್ಲವಾದರೂ ಆ ಹೆಸರೇ ನಿಂತಿತು. ಯಾವ ಜನ ಎಂದು ತಿಳಿಯದೆ ನಮ್ಮ ಊರಿನವರಿಗೆ ಉಂಡನ್ನ ಅರಗುವುದಿಲ್ಲ. “ನೀವು ಯಾವ ಪೈಕಿ ಅಕ್ಕೋರೆ?” ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ಹರಿಹರದ ಪೈಕಿ.” ಅದಕ್ಕಿಂತ ಮುಂದೆ ಅವರೂ ಹೇಳಲಿಲ್ಲ, ನಮಗೂ ಕೇಳಲು ಧೈರ್ಯವಾಗಲಿಲ್ಲ.

ಹನ್ನೆರಡು ವರ್ಷದ ಹಿಂದೆ ಮೊದಲ ಸಲ ಬಂದದ್ದು ಕರಪತ್ರ ಮಾಡಿಸಲು. ಗಿಡ್ಡ ಆಳು, ಕಾಟನ್ ಸೀರೆ, ಮುಂಗೈಯ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿದ ಗಡಿಯಾರ. ಆಪ್ತ ಸಮಾಲೋಚಕಿ ಎಂದರು. ನಾನು ಮದುವೆ ಕಾರ್ಡಿನವನು, ಭಾಷೆಯ ಅಲಂಕಾರ ನನಗೆ ಅಭ್ಯಾಸ. ‘ಮಾನಸಿಕ ಒತ್ತಡ, ಖಿನ್ನತೆ, ಕೌಟುಂಬಿಕ ಸಮಸ್ಯೆಗಳಿಗೆ ಆಪ್ತ ಸಮಾಲೋಚನೆ’ ಎಂದು ದಪ್ಪಕ್ಷರದಲ್ಲಿ ಜೋಡಿಸಿ ತೋರಿಸಿದೆ. ಪೆನ್ನು ತೆಗೆದು ಅಷ್ಟನ್ನೂ ಒಂದೇ ಗೀಟಿನಲ್ಲಿ ಹೊಡೆದು ಹಾಕಿದರು.

“ಮಾನಸಿಕ ಅಂತ ಬರೆದ್ರೆ ಹುಚ್ಚಾಸ್ಪತ್ರೆ ಅಂತ ಓದ್ತಾರ್ರಿ. ಒಬ್ಬರೂ ಮೆಟ್ಟಿಲು ಹತ್ತಲ್ಲ.”

“ಮತ್ತೇನು ಬರೀಲಿ?”

ಕೂತಲ್ಲೇ ಬರೆದುಕೊಟ್ಟರು. ‘ನಿದ್ದೆ ಬರುವುದಿಲ್ಲವೇ? ಊಟ ಸೇರುವುದಿಲ್ಲವೇ? ಮನೆಯಲ್ಲಿ ಹೇಳಲಾಗದ ಮಾತಿದೆಯೇ? ಹಿಟ್ಟು ಬೀಸುವಷ್ಟು ಹೊತ್ತು ಕೂತು ಹೋಗಿ.’ ಕೆಳಗೆ ಶಮೀಮಕ್ಕನ ಗಿರಣಿಯ ಗುರುತು.

ನಾನು ನಕ್ಕುಬಿಟ್ಟೆ. “ಇದು ಸಂತೆಯಾಗೆ ಚೂರ್ಣ ಮಾರೋರ ಪಾಂಪ್ಲೆಟ್ ಆತಲ್ರೀ.”

“ಚೂರ್ಣ ಮಾರೋನ ಹತ್ರ ಮಂದಿ ಹೋಗ್ತಾರೋ ಇಲ್ಲೋ? ಅಷ್ಟು ನೋಡ್ರಿ.” ಅವರು ನಗಲಿಲ್ಲ. ನಗುವುದು ಅವರಿಗೆ ಕಡಿಮೆಯೇ.

ಗಿರಣಿಯ ಹಿಂದೆ ಚೀಲ ಒಟ್ಟುತ್ತಿದ್ದ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಒಳ್ಳೆಯ ರಸ್ತೆಯಲ್ಲಿ, ಕಾಲೇಜಿನ ಹತ್ತಿರ ರೂಮು ಕೊಡಿಸುತ್ತೇನೆಂದು ಯಾರೋ ಹೇಳಿದ್ದರಂತೆ, ಬೇಡವೆಂದರು. ನನಗೆ ಅವರ ಯೋಜನೆ ಅರ್ಥವಾಗಲು ವರ್ಷ ಬೇಕಾಯಿತು. ನಮ್ಮಲ್ಲಿ ಹೆಣ್ಣುಮಗಳು ಮನೆಯಿಂದ ಹೊರಡಬೇಕಾದರೆ ಎಲ್ಲಿಗೆ ಎಂದು ಹೇಳಿ ಹೊರಡಬೇಕು. ಗಿರಣಿಗೆ ಎಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಜೋಳದ ಡಬ್ಬಿ ಶಮೀಮಕ್ಕನ ಮುಂದೆ ಇಟ್ಟು ಹಿಂದಿನ ಕೋಣೆಗೆ ಹೋಗುವುದು, ಹಿಟ್ಟಾದ ಮೇಲೆ ಡಬ್ಬಿ ಹೊತ್ತು ಮನೆಗೆ ಹೋಗುವುದು. ಒಳಗಿನ ಮಾತು ಹೊರಗೆ ಕೇಳದಂತೆ ಗಿರಣಿಯ ಸದ್ದು ಇದ್ದೇ ಇತ್ತು. ಕರೆಂಟು ಹೋಗಿ ಗಿರಣಿ ನಿಂತರೆ ಒಳಗೂ ಮಾತು ನಿಲ್ಲಬೇಕು, ಅದು ಆ ಕೋಣೆಯ ನಿಯಮ. ಕರೆಂಟು ಬರುವ ತನಕ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದರಂತೆ. ಆ ಸುಮ್ಮನಿರುವ ಹೊತ್ತಿನಲ್ಲೇ ಹೆಚ್ಚು ಕೆಲಸ ಆಗುತ್ತದೆ ಎಂದು ಒಮ್ಮೆ ಹೇಳಿದ್ದರು.

ಆನಗೋಡಿನಿಂದ ಒಬ್ಬಳು ಬಸ್ಸಿನಲ್ಲಿ ಡಬ್ಬಿ ಹೊತ್ತು ಬರುತ್ತಿದ್ದಳು. ಕಂಕುಳಲ್ಲಿ ಡಬ್ಬಿ, ತಲೆ ಮೇಲೆ ಸೆರಗು, ನೆಲ ನೋಡಿಕೊಂಡು ನಡೆಯುವ ಹುಡುಗಿ. ನಾನೊಮ್ಮೆ ತಮಾಷೆಗೆ, “ನಿಮ್ಮೂರಾಗೆ ಗಿರಣಿ ಇಲ್ಲೇನವ್ವಾ?” ಎಂದೆ. ಅವಳ ಮುಖ ಬಿಳುಪೇರಿತು. ಅಕ್ಕೋರು ಮರುದಿನ ಪ್ರೆಸ್ಸಿಗೆ ಬಂದು ನನಗೆ ಚೆನ್ನಾಗಿ ಬಾರಿಸಿದರು. “ಒಂದು ಹೆಣ್ಣು ಹದಿನೈದು ಕಿಲೋಮೀಟ್ರು ಜೋಳ ಹೊತ್ಕಂಡು ಬಂದಿದ್ರೆ ಜೋಳಕ್ಕೆ ಬಂದಿರಲ್ಲ ಅಂತ ನಿಮಗೆ ತಿಳಿಯಲ್ವಾ ಪ್ರೆಸ್ಸಿನೋರೆ? ನಾಲಗೆ ತುರಿಸಿದ್ರೆ ನಿಮ್ಮ ಮಿಶನ್ನಿನ ಮುಂದೆ ಮಾತಾಡ್ಕೊಳ್ರಿ.” ಅಂಥ ನಾಲಗೆ ಅವರದು. ಮೃದು ಮಾತಿನ, ಮಂದಹಾಸದ ಸಮಾಲೋಚಕಿ ಎಂದು ಯಾರಾದರೂ ಕಲ್ಪಿಸಿಕೊಂಡಿದ್ದರೆ ಈಗಲೇ ಮರೆತುಬಿಡಬೇಕು.

ಸಂಜೆ ಹರಿಹರದ ಬಸ್ಸಿಗೆ ಮುಂಚೆ ಒಂದೊಂದು ದಿನ ನನ್ನಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು. ಆಗ ಬಾಯಿ ಬಿಟ್ಟರೆ ಬಿಟ್ಟಂತೆ. ಅವರ ತಂದೆಯ ವಿಷಯ ಹೇಳಿದ್ದು ಹಾಗೆಯೇ. ತಂದೆ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕಾರ್ಖಾನೆ ಮುಚ್ಚಿದ ಮೇಲೂ ಎರಡು ವರ್ಷ ದಿನಾ ಬೆಳಿಗ್ಗೆ ಖಾಕಿ ಹಾಕಿಕೊಂಡು, ಟಿಫಿನ್ ಕ್ಯಾರಿಯರ್ ಹಿಡಿದು ಗೇಟಿನ ತನಕ ಹೋಗುತ್ತಿದ್ದರಂತೆ. ಗೇಟಿನೆದುರಿನ ಬೇವಿನ ಮರದ ಕೆಳಗೆ ಕೂತು ಉಂಡು, ಪಾಳಿ ಮುಗಿಯುವ ಹೊತ್ತಿಗೆ ಸರಿಯಾಗಿ ಮನೆಗೆ ವಾಪಸ್. ಮಗಳು ದೊಡ್ಡ ಊರಿನ ಡಾಕ್ಟರ ಬಳಿ ಕರೆದೊಯ್ದಳು. “ನಿಮಗೆ ಹೇಗನ್ನಿಸುತ್ತಿದೆ?” ಎಂದು ಡಾಕ್ಟರು ಮೂರು ಸಲ ಕೇಳಿದರು. “ಏನಿಲ್ಲ ಸಾಹೇಬ್ರೆ, ಆರಾಮ ಅದೀನಿ” ಎಂದು ತಂದೆ ಮೂರು ಸಲವೂ ಹೇಳಿದರು. ಡಾಕ್ಟರು ಆರಾಮ ಎಂದೇ ಬರೆದುಕೊಂಡರು. ಬರುವ ದಾರಿಯಲ್ಲಿ ತಾಯಿಯ ಸಮಾಧಾನಕ್ಕೆ ಒಂದು ದರ್ಗಾಕ್ಕೆ ಹೋದರಂತೆ. ಅಲ್ಲಿದ್ದ ಮುದುಕರು ತಂದೆಯ ಕೈಗೆ ಸಕ್ಕರೆ ಇಟ್ಟು, “ಉಂಡಿದ್ದು ರುಚಿ ಹತ್ತತೈತೇನಪ್ಪಾ?” ಎಂದು ಕೇಳಿದರು. ತಂದೆ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತರು. ಆ ವರ್ಷವೇ ಹೋಗಿಬಿಟ್ಟರು.

“ಡಾಕ್ಟ್ರು ಕೆಟ್ಟೋರಲ್ಲ. ಕೇಳಿದ ಪ್ರಶ್ನೆ ನಮ್ಮ ಮನೆಯಾಗೆ ಯಾರೂ ಯಾವತ್ತೂ ಕೇಳಿದ್ದಲ್ಲ. ನಮ್ಮ ಮಂದಿ ಹೊಟ್ಟೆನೋವು ಅಂತಾರೆ, ಮಂಡಿ ಹಿಡಿದೈತೆ ಅಂತಾರೆ, ತಲೆ ಹಿಂದೆ ಏನೋ ಹರದಾಡತೈತೆ ಅಂತಾರೆ. ದುಃಖ ಎಲ್ಲಿಗೆ ಬಂದು ಕುಂತೈತೋ ಅಲ್ಲಿಗೇ ಹೋಗಿ ಕೇಳಬೇಕು” ಎಂದರು ಅಕ್ಕೋರು.

ಆಮೇಲೆ ಓದಿದರು, ಆಸ್ಪತ್ರೆಗಳಲ್ಲಿ ಕೆಲಸ ಮಾಡಿದರು, ಮದುವೆ ಮಾಡಿಕೊಳ್ಳಲಿಲ್ಲ, ನಲವತ್ತು ದಾಟಿದ ಮೇಲೆ ಹರಿಹರದ ಮನೆಗೆ ವಾಪಸಾದರು. ಚರಿತ್ರೆ ನನಗೆ ಇಷ್ಟೇ ಗೊತ್ತು.

ಮಾಟ ಮಾಡಿಸಿದ್ದಾರೆ ಎಂದು ಯಾರಾದರೂ ಬಂದರೆ ಮೂಢನಂಬಿಕೆ ಎಂದು ಬೈಯುತ್ತಿರಲಿಲ್ಲ. “ಯಾರು ಮಾಡಿಸಿರಬೋದು ಅನ್ಸತೈತೆ?” ಎಂದು ಕೇಳುತ್ತಿದ್ದರಂತೆ. ಯಾರ ಹೆಸರು ಬಾಯಿಗೆ ಬರುತ್ತದೋ ಅಲ್ಲೇ ಗಾಯವಿರುತ್ತದೆ ಎಂಬುದು ಅವರ ಲೆಕ್ಕ. ಡಾಕ್ಟರ ಮಾತ್ರೆ ಬೇಕಾದವರನ್ನು ತಾವೇ ಕರೆದೊಯ್ದು ತೋರಿಸುತ್ತಿದ್ದರು. “ದಾರಾನೂ ಇರ್ಲಿ, ಮಾತ್ರೆನೂ ನುಂಗ್ರಿ, ಎರಡಕ್ಕೂ ಜಗಳ ಇಲ್ಲ.” ಗಂಡಸರು ಗಿರಣಿಗೆ ಬರುವವರಲ್ಲ. ಅವರನ್ನು ಭಾನುವಾರ ಹರಿಹರದ ಹೊಳೆ ದಂಡೆಗೆ ಕರೆಸಿಕೊಂಡು ಜೊತೆಗೆ ನಡೆಯುತ್ತಿದ್ದರು. ಎದುರಿಗೆ ಕೂತರೆ ಗಂಡಸು ಬರೀ ಜಂಬ ಕೊಚ್ಚುತ್ತಾನೆ, ಪಕ್ಕದಲ್ಲಿ ನಡೆದರೆ ಬಾಯಿ ಬಿಡುತ್ತಾನೆ ಎನ್ನುತ್ತಿದ್ದರು. ಕಡರನಾಯಕನಹಳ್ಳಿಯ ಒಬ್ಬ ಮುದುಕ ಹನ್ನೊಂದು ಭಾನುವಾರ ಬರೀ ನಡೆದು, ಹನ್ನೆರಡನೆಯ ಭಾನುವಾರ ಮಾತಾಡಿದನಂತೆ. ಏನು ಮಾತಾಡಿದ ಎಂದು ಕೇಳಿದ್ದಕ್ಕೆ ನನ್ನನ್ನು ದುರುಗುಟ್ಟಿ ನೋಡಿದರು.

ಅವರದೊಂದು ನಂಬಿಕೆ ಇತ್ತು. ಪುಸ್ತಕದಲ್ಲಿ ಮನುಷ್ಯ ಒಬ್ಬನೇ ಇರುತ್ತಾನೆ, ನಮ್ಮಲ್ಲಿ ಹಾಗಲ್ಲ, ಒಬ್ಬರ ಹಿಂದೆ ಮನೆಯೇ ಬರುತ್ತದೆ, ಮನೆಯನ್ನು ಬಿಟ್ಟು ಮನುಷ್ಯನನ್ನು ರಿಪೇರಿ ಮಾಡಲಾಗದು ಎಂದು. ಹಿರಿಯರನ್ನು ಕೂರಿಸಿ, ಅವರ ಬಾಯಿಂದ ಮಾತು ಹೊರಡಿಸಿದರೆ ಅದು ಕೋರ್ಟಿನ ಕಾಗದಕ್ಕಿಂತ ಗಟ್ಟಿ ಎನ್ನುತ್ತಿದ್ದರು. ಎಷ್ಟೋ ಮನೆಗಳಲ್ಲಿ ಅದು ನಿಜವೂ ಆಗಿತ್ತು. ನಮ್ಮ ಮನೆಯಲ್ಲಿ ಆಗಲಿಲ್ಲ.

ತಂಗಿ ನನಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು. ಅಪ್ಪ ಅವ್ವ ಹೋದ ಮೇಲೆ ಕನ್ಯಾದಾನ ಮಾಡಿದವನು ನಾನೇ, ಕಾರ್ಡು ಅಚ್ಚು ಹಾಕಿದವನೂ ನಾನೇ. ಕೊಟ್ಟದ್ದು ಒಳ್ಳೆಯ ಹೆಸರಿನ, ತೋಟ ಗದ್ದೆಯ ಮನೆಗೆ. ಐದು ವರ್ಷದ ಮೇಲೆ ಒಂದು ದಿನ ಒಂದು ಕೈಚೀಲ ಹಿಡಿದು ಬಂದಳು. ಮೈಮೇಲೆ ಒಂದು ಗೆರೆಯಿಲ್ಲ, ಆದರೆ ಮಾತಾಡುವಾಗ ನಡುನಡುವೆ ಪದ ಸಿಗದೆ ನಿಲ್ಲುತ್ತಿದ್ದಳು. ಆ ಮನೆಯವರು ಅವಳ ಜೊತೆ ಏಳು ತಿಂಗಳಿಂದ ಮಾತು ಬಿಟ್ಟಿದ್ದರು. ಮಕ್ಕಳಾಗಲಿಲ್ಲ ಎಂದು ಶುರುವಾದದ್ದು. ಗಂಡ, ಅತ್ತೆ, ಮಾವ, ಭಾವನ ಮಕ್ಕಳು, ಕೊನೆಗೆ ಆಳುಗಳೂ ಮಾತಾಡಿಸುವಂತಿರಲಿಲ್ಲ. ತಟ್ಟೆ ಇಟ್ಟರೆ ಉಣ್ಣಬೇಕು, ಇಡದಿದ್ದರೆ ಕೇಳುವಂತಿಲ್ಲ.

ನಾನೇನು ಮಾಡಿದೆ? “ಹೊಡೆದಿಲ್ಲ, ಬಡಿದಿಲ್ಲ, ಮಾತಾಡಿಸಿಲ್ಲ ಅಂತ ಮನೆ ಬಿಟ್ಟು ಬರ್ತಾರೇನೇ?” ಎಂದೆ. ಹೌದು, ಹಾಗೇ ಅಂದೆ. ಅವಳು ರೊಟ್ಟಿ ತುಂಡೊಂದನ್ನು ಹಿಡಿದುಕೊಂಡು ಅರ್ಧ ಗಂಟೆ ಕೂತಿದ್ದನ್ನು ನೋಡಲಾರದೆ ನನ್ನ ಹೆಂಡತಿಯೇ ಡಬ್ಬಿ ಕೊಟ್ಟು ಗಿರಣಿಗೆ ಕಳಿಸಿದಳು. ವಿಷಯ ಕೇಳಿದ ದಿನ ಸಂಜೆ ಅಕ್ಕೋರು ಪ್ರೆಸ್ಸಿಗೆ ಬಂದರು. ಗೋಡೆಯಲ್ಲಿ ನಾನು ಅಚ್ಚು ಹಾಕಿದ ಕ್ಯಾಲೆಂಡರ್ ಇತ್ತು, ಕೆಳಗೆ ‘ಮಾತು ಬೆಳ್ಳಿ, ಮೌನ ಬಂಗಾರ’. ಅದನ್ನು ಬಹಳ ಹೊತ್ತು ನೋಡಿ, “ಈ ಗಾದೆ ಮಾಡಿದೋನು ನಿಮ್ಮ ತಂಗಿ ಮನೆಯಾಗೆ ಏಳು ತಿಂಗಳು ಇರಬೇಕಾಗಿತ್ತು” ಎಂದು ಹೇಳಿ ಎದ್ದುಹೋದರು. ಮಂಡಕ್ಕಿ ಮುಟ್ಟಲಿಲ್ಲ.

ಮೂರು ತಿಂಗಳು ತಂಗಿ ಡಬ್ಬಿ ಹೊತ್ತು ಹೋಗಿ ಬಂದಳು. ನಮ್ಮ ಮನೆಯಲ್ಲಿ ತಿನ್ನುವುದಕ್ಕಿಂತ ಹೆಚ್ಚು ಹಿಟ್ಟು ತುಂಬಿತು. ಮೊದಮೊದಲು ಒಳಗೆ ಏನೂ ಹೇಳದೆ ಜೋಳದಲ್ಲಿ ಕಲ್ಲು ಆರಿಸುತ್ತಿದ್ದಳಂತೆ, ಅಕ್ಕೋರೂ ಎದುರು ಕೂತು ಆರಿಸುತ್ತಿದ್ದರಂತೆ. ಆಮೇಲೆ ಮನೆಯಲ್ಲೂ ಮಾತು ಬಂತು. ಒಂದು ದಿನ ನನ್ನ ಮೀಸೆಗೆ ಬಣ್ಣ ಹಚ್ಚಿದ್ದನ್ನು ನೋಡಿ ನಕ್ಕಳು. ಆ ನಗು ಕೇಳಿ ನನ್ನ ಹೆಂಡತಿ ಅಡುಗೆ ಮನೆಯಲ್ಲಿ ಕಣ್ಣೊರೆಸಿಕೊಂಡಳು. ಈಗ ಬರೆಯುವಾಗಲೂ ಆ ನಗುವೇ ಕಿವಿಯಲ್ಲಿ ಬರುತ್ತದೆ.

ಆ ಹೊತ್ತಿಗೆ ನನ್ನ ಮಗಳಿಗೆ ಸಂಬಂಧ ಗೊತ್ತಾಗಿತ್ತು. ಕಾರ್ಡು ನಾನೇ ಅಚ್ಚು ಹಾಕಿ ಕಟ್ಟು ಕಟ್ಟಿ ಇಟ್ಟಿದ್ದೆ. ಬರುವಿಕೆಯನ್ನು ಬಯಸುವವರ ಸಾಲಿನಲ್ಲಿ ತಂಗಿಯ ಹೆಸರು, ಅವಳ ಗಂಡನ ಹೆಸರು ಒಟ್ಟಿಗೆ ಇದ್ದವು. ಬೀಗರು ಎರಡು ಸಲ ಕೇಳಿದ್ದರು, “ನಿಮ್ಮ ತಂಗೇರು ಇಲ್ಲೇ ಅದಾರಲ್ಲ, ಬಾಣಂತನಕ್ಕೆ ಬಂದಾರೇನು?” ಎಂದು. ನಾನು ಎರಡು ಸಲವೂ ಮೈ ಹುಷಾರಿಲ್ಲ ಎಂದೆ. ಅಕ್ಕೋರ ಬಳಿ ಹೋಗಿ, ಹಿರಿಯರನ್ನು ಕೂರಿಸಿ ಮಾತಾಡಿಸೋಣ, ನೀವೇ ಹೇಳುತ್ತೀರಲ್ಲ ಎಂದು ಒತ್ತಾಯ ಮಾಡಿದೆ. ಇನ್ನೂ ಸ್ವಲ್ಪ ದಿನ ಹೋಗಲಿ ಎಂದರು. ಎರಡು ವಾರ ಬೆನ್ನು ಬಿಡಲಿಲ್ಲ. ಕೊನೆಗೆ ಒಪ್ಪಿದರು. ತಂಗಿಯನ್ನೂ ಕೇಳಿದರು. ಅವಳು, “ನೀವು ಹೆಂಗಂತೀರೋ ಹಂಗೆ” ಎಂದಳಂತೆ.

ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತರು. ತಂಗಿಯ ಮಾವ ದೊಡ್ಡ ಮನುಷ್ಯ, ಹಣೆ ತುಂಬ ವಿಭೂತಿ. ಹೆಗಲಿನ ವಲ್ಲಿ ತೆಗೆದು ತೊಡೆ ಮೇಲಿಟ್ಟುಕೊಂಡು, “ಇನ್ನು ಮ್ಯಾಲೆ ಮಗಳ ಹಂಗೆ ಮಾತಾಡಿಸ್ತೀವ್ರಿ. ಇದು ನನ್ನ ಮಾತು” ಎಂದರು. ಅಕ್ಕೋರು ಆ ಮಾತನ್ನು ನಂಬಿದರು. ಎಲ್ಲರೂ ನಂಬಿದೆವು.

ಹೆಣ್ಣುಮಗಳನ್ನು ತವರಿನಿಂದ ಕಳಿಸುವಾಗ ಉಡಿ ತುಂಬಬೇಕು. ನನ್ನ ಹೆಂಡತಿ ದೇವರ ಮುಂದೆ ಮಣೆ ಹಾಕಿ ತಂಗಿಯನ್ನು ಕೂರಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆ ಅಡಿಕೆ, ಕುಪ್ಪಸದ ಖಣ ಹಾಕಿದಳು. ತುಂಬಿದ ಮೇಲೆ ಮಗಳು ಐದು ಹಿಡಿ ಅಕ್ಕಿಯನ್ನು ತಿರುಗಿ ಮೊರಕ್ಕೆ ಹಾಕುತ್ತಾಳೆ, ತವರು ಬರಿದಾಗಬಾರದೆಂದು. ಉಳಿದದ್ದನ್ನು ಕಟ್ಟಿಕೊಂಡು ಹೋಗಿ ಗಂಡನ ಮನೆಯಲ್ಲಿ ಅನ್ನ ಮಾಡಿ ಉಣ್ಣಬೇಕು. ತಂಗಿ ಐದು ಹಿಡಿ ಹಾಕಿದಳು. ಆರನೆಯದೂ ಹಾಕಿದಳು. ಏಳು, ಎಂಟು. ಆಮೇಲೆ ಎಣಿಸುವುದನ್ನು ಬಿಟ್ಟು ಸೆರಗನ್ನೇ ಸಡಿಲಿಸಿ, ಮೂಲೆಯಲ್ಲಿ ಅಂಟಿದ ಕೊನೆಯ ಕಾಳನ್ನೂ ಬೆರಳಿನಿಂದ ತೆಗೆದು ಮೊರದಲ್ಲಿಟ್ಟಳು. “ತವರಿನ ಮ್ಯಾಲೆ ಎಷ್ಟು ಅಂತಃಕರಣ ನೋಡ್ರಿ ನಮ್ಮ ಹುಡುಗಿಗೆ” ಎಂದು ಯಾರೋ ಹಿರಿಯರು ಮೆಚ್ಚಿದರು.

ಅಕ್ಕೋರು ನನ್ನನ್ನು ಅಡುಗೆ ಮನೆಯ ಬಾಗಿಲಿಗೆ ಕರೆದರು. ಅವರ ಮುಖದಲ್ಲಿ ಅಂಥ ಗಾಬರಿಯನ್ನು ನಾನು ಮುಂಚೆ ಕಂಡಿರಲಿಲ್ಲ.

“ಇವತ್ತು ಕಳಿಸಬ್ಯಾಡ್ರಿ.”

“ಯಾಕ?”

“ಅಕ್ಕಿ ಎಲ್ಲಾ ವಾಪಸ್ ಹಾಕಿದ್ಲು. ಅಲ್ಲಿ ಹೋಗಿ ಉಣ್ಣೋದು ಐತೆ ಅಂತ ಅವಳ ಮನಸಿನಾಗೆ ಇಲ್ರಿ. ಮಾತು ತಪ್ಪು ಹೇಳತೈತೆ, ಕೈ ಹೇಳಲ್ಲ. ಎಂಟು ದಿನ ಇಟ್ಕೊಳ್ರಿ, ನಾನು ಇನ್ನೊಂದಿಷ್ಟು ಮಾತಾಡ್ತೀನಿ.”

“ಹಿರೇರು ಕುಂತಾರೆ, ಗಾಡಿ ನಿಂತೈತೆ. ನೀವೇ ಒಪ್ಪಿ ಕುಂದ್ರಿಸಿದ ಹಿರೇರು. ಈಗ ಅಕ್ಕಿ ಜಾಸ್ತಿ ಹಾಕಿದ್ಲು ಅಂತ ಬ್ಯಾಡ ಅಂದ್ರೆ ನಗಲ್ವಾ ಮಂದಿ?”

“ನಗಲಿ. ತಪ್ಪು ನಂದು ಅಂತ ನಾನೇ ಹೇಳ್ತೀನಿ ಅವರಿಗೆ. ನೀವು ಇಟ್ಕೊಳ್ತೀರೋ ಇಲ್ಲೋ ಅಷ್ಟು ಹೇಳ್ರಿ. ಇಲ್ಲಾಂದ್ರೆ ಹರಿಹರಕ್ಕೆ ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ.”

ಅವರ ಹೆಗಲ ಹಿಂದೆ, ನಾಗಂದಿಗೆಯ ಮೇಲೆ ಕಾರ್ಡಿನ ಕಟ್ಟು ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತ ಹೇಳಿದೆ: “ನಮ್ಮ ಮನೆ ಹೆಣ್ಣುಮಗಳನ್ನ ಇನ್ನೊಬ್ಬರ ಮನೆಗೆ ಕಳಿಸೋವಷ್ಟು ನಾವು ಕೆಟ್ಟಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಕ್ಕೋರೆ. ನಿಮ್ಮ ಕೆಲಸ ಮುಗೀತು, ಹೋಗ್ರಿ.”

ಅವರು ನನ್ನನ್ನು ನೋಡಿದರು. ಬಾಗಿಲಿನಿಂದ ಪಕ್ಕಕ್ಕೆ ಸರಿದರು. ತಂಗಿ ಐದು ಹೆಜ್ಜೆ ದೂರದಲ್ಲಿ ಮೊರದ ಮುಂದೆ ತಲೆ ಬಗ್ಗಿಸಿ ಕೂತಿದ್ದಳು. ನನ್ನ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.

ಆ ಮನೆಯವರು ಮೂರು ದಿನ ಮಾತಾಡಿಸಿದರಂತೆ. ಹತ್ತೊಂಬತ್ತನೆಯ ದಿನ ತಂಗಿ ಇಲ್ಲವಾದಳು. ತಾನೇ ಹೋದಳು. ಹೇಗೆ ಎಂದು ಬರೆಯುವುದಿಲ್ಲ. ಅವಳು ಮೊರಕ್ಕೆ ಸುರಿದ ಅಕ್ಕಿಯನ್ನು ಅಷ್ಟರೊಳಗೆ ನಾವು ಅನ್ನ ಮಾಡಿಕೊಂಡು ಉಂಡಿದ್ದೆವು.

ಮಣ್ಣು ಮಾಡಿ ಬಂದ ಮೂರನೆಯ ದಿನ ನಾನು ಗಿರಣಿಗೆ ಹೋದೆ. ಹೊರಗೆ ಏಳೆಂಟು ಹೆಂಗಸರು ಡಬ್ಬಿ ಇಟ್ಟುಕೊಂಡು ಕೂತಿದ್ದರು, ಆನಗೋಡಿನ ಹುಡುಗಿಯೂ ಇದ್ದಳು. ಗಿರಣಿ ಓಡುತ್ತಿತ್ತು. ಆ ಸದ್ದಿನ ಮೇಲೆ ಕೇಳಲಿ ಎಂದು ಗಂಟಲು ಹರಿಯುವಂತೆ ಕೂಗಿದೆ. ನಡುವೆ ಕರೆಂಟು ಹೋಯಿತು. ಗಿರಣಿ ನಿಂತಿತು. ನಾನು ನಿಲ್ಲಲಿಲ್ಲ.

“ಕಳಿಸಿದೋಳು ನೀನು! ಸಂಸಾರ ಗೊತ್ತಿಲ್ಲದೋಳು, ಊರೋರ ಸಂಸಾರ ನೆಟ್ಟಗೆ ಮಾಡೋಕೆ ಬಂದೀಯ! ನನ್ನ ತಂಗೀನ ತಿಂದೆ ನೀನು!”

ಓಣಿಯ ತುದಿಯ ತನಕ ನನ್ನ ಧ್ವನಿಯೊಂದೇ. ಅಕ್ಕೋರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಒಂದು ಮಾತು ಸಾಕಿತ್ತು ಅವರಿಗೆ. “ಬ್ಯಾಡ ಅಂದಿದ್ನಲ್ರಿ” ಎಂದಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಗಿರಣಿ ನಿಂತಾಗ ಮಾತಾಡಬಾರದೆಂಬ ತಮ್ಮದೇ ನಿಯಮವನ್ನು ಅವರು ಆ ದಿನವೂ ಮುರಿಯಲಿಲ್ಲ. ಕರೆಂಟು ಬಂದ ಮೇಲೂ ಏನೂ ಹೇಳಲಿಲ್ಲ. ಹೆಂಗಸರು ಒಬ್ಬೊಬ್ಬರೇ ಎದ್ದರು.

ಆಮೇಲೆ ಊರಿನಲ್ಲಿ ಮಾತು ಹಬ್ಬಿತು. ಆಡುವವರ ಮುಂದೆ ಎಡವಿ ಬಿದ್ದಂತಾಯಿತು. ‘ಅಕ್ಕೋರ ಹತ್ರ ಹೋದ್ರೆ ಹೆಣ್ಣು ಉಳಿಯಲ್ಲ’ ಎಂದರು. ಅವರು ಮಾತ್ರ ದಿನಾ ಹತ್ತು ಗಂಟೆ ಬಸ್ಸಿಗೆ ಹರಿಹರದಿಂದ ಬಂದು, ಕೋಣೆ ಗುಡಿಸಿ, ಐದು ಗಂಟೆಗೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು. ಪ್ರೆಸ್ಸಿನ ಮುಂದೆಯೇ ದಾರಿ. ನಾನು ತಲೆ ಎತ್ತುತ್ತಿರಲಿಲ್ಲ. ಮಗಳ ಮದುವೆಯಾಯಿತು, ಬೇರೆ ಕಾರ್ಡು ಹಾಕಿದೆ, ಎರಡು ಹೆಸರು ಕಡಿಮೆ ಮಾಡಿ.

ಕಳೆದ ವರ್ಷ ಅವರಿಗೆ ಕಾಯಿಲೆ ಎಂದು ಗೊತ್ತಾದಾಗ ಹರಿಹರಕ್ಕೆ ಹೋದೆ. ಏನು ಹೇಳಲು ಹೋಗಿದ್ದೆನೋ ಅದು ಬಸ್ಸಿಳಿಯುವ ತನಕ ಬಾಯಲ್ಲಿತ್ತು. ಮಂಚದ ಮೇಲೆ ಬಾಡಿದ ಸೊಪ್ಪಿನ ಹಾಗೆ ಮಲಗಿದ್ದರು. ನನ್ನನ್ನು ನೋಡಿ ಕೂಡ್ರಿ ಎಂದರು, ಆಮೇಲೆ ಕೇಳಿದರು:

“ನಿದ್ದೆ ಬರತೈತೇನ್ರಿ ಪ್ರೆಸ್ಸಿನೋರೆ?”

ಐದು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವರು ನನ್ನನ್ನು ಅಳಲು ಬಿಟ್ಟರು.

“ನಾನು ಆ ಬಾಗಿಲಿಗೆ ಅಡ್ಡ ನಿಲ್ಲಬೇಕಾಗಿತ್ತು, ಸರಿದುಬಿಟ್ಟೆ. ಹಿರೇರನ್ನ ಕುಂದ್ರಿಸಿದ್ದೂ ನಾನೇ. ಅಷ್ಟು ನಂದು” ಎಂದರು.

“ಮತ್ತೆ ನಂದು ಅಕ್ಕೋರೆ?”

“ಅದನ್ನ ನಾನು ಹೇಳಬಾರದು.”

“ಯಾರಿಗೂ ಯಾಕ ಹೇಳಲಿಲ್ಲ ನೀವು?”

“ಆ ಬಾಗಿಲಾಗೆ ನೀವು ಆಡಿದ ಮಾತು, ಕೋಣೆಯಾಗೆ ಆಡಿದ ಮಾತು, ನನಗೆ ಎರಡೂ ಒಂದೇ ರೀ. ಕೇಳಿದ್ದನ್ನ ಹೊರಗೆ ಹಾಕೋ ಕಸುಬು ನಂದಲ್ಲ.”

ಅವತ್ತಾದರೂ ನಾನು ಬಂದು ಗಿರಣಿಯ ಮುಂದೆ ನಿಂತು ಹೇಳಬಹುದಿತ್ತು. ಹೇಳಲಿಲ್ಲ. ಇದಕ್ಕೆ ಹೇಡಿತನ ಎಂಬುದು ಬಿಟ್ಟು ಬೇರೆ ಪದ ನನಗೆ ಗೊತ್ತಿಲ್ಲ, ಇಷ್ಟು ವರ್ಷ ಅಕ್ಷರ ಜೋಡಿಸಿಯೂ.

ನಿನ್ನೆ ಚೀಟಿ ಅಚ್ಚು ಹಾಕಿ ನಾನೇ ಗಿರಣಿಗೆ ಒಯ್ದೆ. ಮೇಲೆ ಆ ಅರ್ಧ ಕಪ್ಪಾದ ಮುಖ, ಕೆಳಗೆ ಶಮೀಮಕ್ಕ ಕೇಳಿದ ನಾಲ್ಕು ಸಾಲು:

‘ಹಿಟ್ಟು ಬೀಸುವಷ್ಟು ಹೊತ್ತು ಇವರು ನಮ್ಮ ಮಾತು ಕೇಳುತ್ತಿದ್ದರು.
ನನ್ನ ತಂಗಿಯನ್ನು ಕಳಿಸಬೇಡಿ ಎಂದು ಇವರು ನನಗೆ ಹೇಳಿದ್ದರು.
ಕಳಿಸಿದವನು ನಾನು.
ಈ ಗಿರಣಿಯ ಮುಂದೆ ನಾನು ಕೂಗಿದ್ದು ಸುಳ್ಳು.’

ಅದರ ಕೆಳಗೆ ನನ್ನ ಹೆಸರು.

ಶಮೀಮಕ್ಕ ಗಿರಣಿ ನಿಲ್ಲಿಸಿ, ಹಿಟ್ಟಿನ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿ ಮುಗಿಸಿ ಮೊದಲಿಂದ ಮತ್ತೆ ಓದಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ.

ಅವಳು ಎದ್ದು ಒಳಗಿನ ಮೂಲೆಯಿಂದ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು.

“ಆನಗೋಡಿನ ಹುಡುಗೀದು. ನೀವು ಕೂಗಿದ ದಿನ ಬೀಸಾಕೆ ಇಟ್ಟಿದ್ಲು. ನಿಮ್ಮ ಮಾತು ಕೇಳಿ ಬರಿಗೈಯಾಗೆ ಎದ್ದು ಹೋದ್ಲು. ಮತ್ತೆ ಬರಲಿಲ್ಲ. ಅಕ್ಕೋರು ಮೂರು ಸಲ ಆನಗೋಡಿಗೆ ಹೋಗಿ ಹುಡುಕಿದ್ರು, ಆ ಮನೆಯೋರು ಬಾಗ್ಲು ತೆಗೀಲಿಲ್ಲಂತೆ. ಬೀಸಿಟ್ಟ ಹಿಟ್ಟಿಗೆ ಹುಳ ಬಿತ್ತು, ಚೆಲ್ಲಿದೆ. ಡಬ್ಬಿ ದಿನಾ ಅಕ್ಕೋರೇ ಒರೆಸಿ ಇಡ್ತಿದ್ರು.”

ಚೀಟಿಯ ಕಟ್ಟಿನಿಂದ ಒಂದನ್ನು ತೆಗೆದು, ಮಡಚಿ, ಆ ಖಾಲಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು.

“ಬಂದ್ರೆ ಓದ್ಲಿ” ಎಂದು ಹೇಳಿ ಗಿರಣಿ ಶುರು ಮಾಡಿದಳು.